ಹಳದಿ ಬಣ್ಣ ಬೀಳುವ ಮುನ್ನ

ಮೇಜಿನ ಮೇಲೆ ಗ್ರಾಮ ನಕ್ಷೆ ಹರಡಿದೆ. ನಾಲ್ಕು ಮೂಲೆಗೂ ಏನಾದರೂ ಭಾರ ಇಡದಿದ್ದರೆ ತಾನೇ ಸುರುಳಿ ಸುತ್ತಿಕೊಳ್ಳುವ ಹಳೆಯ ಹಾಳೆ. ಹಿಂಬದಿಗೆ ಬಟ್ಟೆ ಅಂಟಿಸಿದ್ದಾರೆ. ಮಡಿಕೆ ಬಿದ್ದ ಕಡೆಯಲ್ಲೆಲ್ಲ ಗೆರೆ ಸವೆದು ಬಿಳಿಚಿದೆ. ಮೈಲಿಗೆ ಎಂಟು ಇಂಚು ಇದರ ಅಳತೆ, ಅಂದರೆ ಕಾಗದದ ಮೇಲಿನ ಒಂದು ಇಂಚು ನೆಲದ ಮೇಲೆ 660 ಅಡಿ. 33 ಅಡಿಯ ಸರಪಳಿ ಹಿಡಿದು ಬದುವಿನಿಂದ ಬದುವಿಗೆ ನಡೆದವರ ಕೆಲಸ ಇದು. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ಚೌಕವೇ ನಮ್ಮ ಗುಂಟೆ. ನಲವತ್ತು ಗುಂಟೆ ಸೇರಿದರೆ ಎಕರೆ. ಸರ್ವೆ ನಂಬರುಗಳ ನಡುವೆ ಹಳ್ಳಕ್ಕೆ ಜೋಡಿ ಗೆರೆ, ಬಂಡಿದಾರಿಗೆ ಚುಕ್ಕೆ ಗೆರೆ, ಗುಂಡುತೋಪಿಗೆ ಪುಟ್ಟ ಪುಟ್ಟ ಮರದ ಗುರುತು, ಕೆರೆಯ ಏರಿಗೆ ಬಾಗಿದ ದಪ್ಪ ಗೆರೆ. ಅಂಚಿನಲ್ಲಿ ನೆರೆಯ ಊರುಗಳ ಹೆಸರು. ಅಳೆದವರ ಹೆಸರು ಎಲ್ಲೂ ಇಲ್ಲ.

ಪಕ್ಕದ ಕಂಪ್ಯೂಟರ್ ಪರದೆಯ ಮೇಲೆ ಅದೇ ಊರಿನ ಉಪಗ್ರಹ ಚಿತ್ರ. ಕೆಂಪು ಮಣ್ಣಿನಲ್ಲಿ ಜೆಸಿಬಿ ಎಳೆದ ನೇರ ಗೆರೆಗಳು, ಪಾಲಿಹೌಸುಗಳ ಬಿಳಿ ಚೌಕಗಳು, ನೀಲಗಿರಿ ತೋಪಿನ ಕಡು ಹಸಿರು, ಹೆದ್ದಾರಿಯ ಬದಿಗೆ ಗೋದಾಮುಗಳ ತಗಡು. ಹಾಳೆಯ ಮೇಲಿನ ಊರನ್ನೂ ಪರದೆಯ ಮೇಲಿನ ಊರನ್ನೂ ಕೂಡಿಸಿ, ಮುಂದೆ ಬರಲಿರುವ ಊರಿನ ನಕ್ಷೆಯೊಂದನ್ನು ತಯಾರಿಸಬೇಕು. ಕಡತದಲ್ಲಿ ಅದಕ್ಕೆ ಮಹಾಯೋಜನೆ ಎಂದು ಹೆಸರು, ಜನರ ಬಾಯಲ್ಲಿ ಮಾಸ್ಟರ್ ಪ್ಲಾನ್. ಅದನ್ನು ಬರೆಯುವುದು, ಬರೆದ ಮೇಲೆ ಕಾಯುವುದು ನನ್ನ ಕೆಲಸ. ಬೆಂಗಳೂರು ಪೂರ್ವಕ್ಕೂ ಉತ್ತರಕ್ಕೂ ಕೈಚಾಚುತ್ತಿರುವ ಸೀಮೆಯ ಒಂದು ಯೋಜನಾ ಪ್ರಾಧಿಕಾರದಲ್ಲಿ ನಾನು ಹಿರಿಯ ನಗರ ಯೋಜಕ. ಹೆಸರಿನಲ್ಲಿ ನಗರ ಇದ್ದರೂ ನನ್ನ ಮುಂದೆ ಬರುವುದೆಲ್ಲ ಹಳ್ಳಿಗಳೇ. ನಗರವಾಗುವ ಹಿಂದಿನ ದಿನದ ಹಳ್ಳಿಗಳು.

ಬಣ್ಣಗಳ ಲೆಕ್ಕ ಹೀಗಿದೆ: ವಾಸಕ್ಕೆ ಹಳದಿ, ವ್ಯಾಪಾರಕ್ಕೆ ನೀಲಿ, ಕೈಗಾರಿಕೆಗೆ ನೇರಳೆ, ಶಾಲೆ ಆಸ್ಪತ್ರೆ ಕಚೇರಿಗಳಿಗೆ ಕೆಂಪು, ಉದ್ಯಾನಕ್ಕೆ ಹಸಿರು, ಬೇಸಾಯಕ್ಕೆ ತಿಳಿ ಹಸಿರು. ರಾಗಿ ಹೊಲವೊಂದು ತಿಳಿ ಹಸಿರಿನಲ್ಲಿರುವಷ್ಟು ದಿನ ಅದರ ಬೆಲೆಯನ್ನು ಎಕರೆಯಲ್ಲಿ ಮಾತಾಡುತ್ತಾರೆ, ಹಳದಿಗೆ ಬಂದ ದಿನದಿಂದ ಚದರಡಿಯಲ್ಲಿ. ಮಣ್ಣು ಅದೇ, ಮಳೆ ಅದೇ, ಬದುವಿನ ಹೊಂಗೆ ಮರವೂ ಅದೇ. ಆದರೆ ಅಣ್ಣತಮ್ಮಂದಿರ ನಡುವೆ ಎಂದೋ ಬಾಯಿಮಾತಿನಲ್ಲಿ ಆಗಿದ್ದ ಭಾಗ ಕೋರ್ಟು ಹತ್ತುತ್ತದೆ. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಸಹಿ ಬೇಕಾಗುತ್ತದೆ. ದನ ಬಿಡುತ್ತಿದ್ದ ಗೋಮಾಳಕ್ಕೆ ಒಂದು ರಾತ್ರಿ ಕಲ್ಲುಕಂಬ ನೆಟ್ಟಿರುತ್ತಾರೆ. ಬಣ್ಣ ತುಂಬುವುದು ಪರದೆಯ ಮೇಲೆ ಒಂದು ಕ್ಷಣದ ಕೆಲಸ. ಆ ಕ್ಷಣಕ್ಕೆ ಮೊದಲು ಎಷ್ಟು ನಡೆಯಬೇಕು, ಎಷ್ಟು ಜನರ ಮಾತು ಕೇಳಬೇಕು ಅನ್ನುವುದರಲ್ಲೇ ಈ ವೃತ್ತಿಯ ಮರ್ಯಾದೆ ಇದೆ.

ನಮಗೆ ಆಧಾರ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ. ಆದರೆ ಈ ಕೆಲಸ ನಮ್ಮ ನಾಡಿಗೆ ಅದಕ್ಕಿಂತ ಹಳೆಯದು. 1898ರ ಪ್ಲೇಗು ಬೆಂಗಳೂರು ಪೇಟೆಯ ಇಕ್ಕಟ್ಟಾದ ಬೀದಿಗಳನ್ನು ಹೊಕ್ಕ ಮೇಲೆಯೇ ಬಸವನಗುಡಿ, ಮಲ್ಲೇಶ್ವರಗಳ ಅಗಲವಾದ ರಸ್ತೆಗಳು, ಗಾಳಿ ಬೆಳಕಿನ ನಿವೇಶನಗಳು ಚುರುಕಾಗಿ ಬೆಳೆದದ್ದು. ಮೈಸೂರಿನಲ್ಲಿ 1903ರಲ್ಲೇ ನಗರಾಭಿವೃದ್ಧಿ ವಿಶ್ವಸ್ತ ಮಂಡಳಿ ಹುಟ್ಟಿತು. ಜರ್ಮನಿಯಲ್ಲಿ ನೆಲೆ ಕಳೆದುಕೊಂಡು 1939ರಲ್ಲಿ ಇಲ್ಲಿಗೆ ಬಂದ ಒಟ್ಟೊ ಕೋನಿಗ್ಸ್‌ಬರ್ಗರ್ ಮೈಸೂರು ಸಂಸ್ಥಾನದ ವಾಸ್ತುಶಿಲ್ಪಿಯಾಗಿ, ಇಲ್ಲಿನ ಬಿಸಿಲು ಗಾಳಿಗೆ ಒಪ್ಪುವ ಕಟ್ಟಡ ಹೇಗಿರಬೇಕೆಂದು ಕಲಿತು, ಮುಂದೆ ಭುವನೇಶ್ವರದ ನಕ್ಷೆ ಬರೆದರು. ಇವರೆಲ್ಲರ ಕಾಳಜಿಯ ಮೂಲದಲ್ಲಿ ಇದ್ದದ್ದು ಜನರ ಆರೋಗ್ಯ, ಗಾಳಿ, ಚರಂಡಿ, ಕುಡಿಯುವ ನೀರು. ನಿವೇಶನದ ಬೆಲೆ ನಂತರ ಬಂತು. ಹೊಸದಾಗಿ ಇಲಾಖೆಗೆ ಸೇರುವ ಹುಡುಗರಿಗೆ ನಾನು ಹೇಳುವುದು ಇಷ್ಟೇ: ನೀವು ಸೇರಿರುವುದು ಆ ಪರಂಪರೆಗೆ.

ಬೆಳಿಗ್ಗೆ ಹತ್ತಕ್ಕೆ ಜೀಪು ಹೊರಡುತ್ತದೆ. ಆರು ಎಕರೆ ಚಿಲ್ಲರೆ ಜಮೀನಿಗೆ ಭೂಪರಿವರ್ತನೆ ಕೋರಿದ್ದಾರೆ, ನಮ್ಮಿಂದ ತಾಂತ್ರಿಕ ಅಭಿಪ್ರಾಯ ಹೋಗಬೇಕು. ಸರ್ವೇಯರ್ ಹಿಂದಿನ ಸೀಟಿನಲ್ಲಿ ಟಿಪ್ಪಣಿ ಪುಸ್ತಕದ ನಕಲು, ಆಕಾರ್ ಬಂದ್, ಪಹಣಿ ಮೊದಲಾದ ಜಮೀನಿನ ದಾಖಲೆ ಹಿಡಿದು ಕೂತಿದ್ದಾನೆ. ಗ್ರಾಮ ಆಡಳಿತಾಧಿಕಾರಿ ಊರ ಬಾಗಿಲಲ್ಲಿ ಬೈಕು ನಿಲ್ಲಿಸಿಕೊಂಡು ಕಾಯುತ್ತಿದ್ದಾರೆ. ಬಸ್ ತಂಗುದಾಣದ ಗೋಡೆಯ ಮೇಲೆ ನಿವೇಶನದ ಜಾಹೀರಾತು. ಅದರ ಕೆಳಗೆ ಇಬ್ಬರು ಹೆಂಗಸರು ರೇಷ್ಮೆ ಹುಳುವಿಗೆ ಹಿಪ್ಪುನೇರಳೆ ಸೊಪ್ಪಿನ ಹೊರೆ ಇಳಿಸಿ ದಣಿವಾರಿಸಿಕೊಳ್ಳುತ್ತಿದ್ದಾರೆ.

ಜಮೀನಿಗೆ ಬಂದರೆ ಎಲ್ಲ ಸಪಾಟು. ಬದು ಒಡೆದಿದ್ದಾರೆ, ಮಣ್ಣು ತಂದು ಸುರಿದಿದ್ದಾರೆ, ರೋಲರ್ ಹೊಡೆದಿದ್ದಾರೆ. ಬಡಾವಣೆ ಮಾಡುವವರ ಕಡೆಯ ಎಂಜಿನಿಯರ್ ಫೋನಿನಲ್ಲಿ ದಿಶಾಂಕ್ ಆ್ಯಪ್ ತೆರೆದು ಸರ್ವೆ ನಂಬರಿನ ಗೆರೆ ತೋರಿಸುತ್ತಾರೆ. "ನೋಡಿ ಸಾರ್, ಇಲ್ಲಿ ಕಾಲುವೆ ಅನ್ನೋದೇ ಇಲ್ಲ." ಕಣ್ಣಿಗೂ ಇಲ್ಲ. ಆದರೆ ನನ್ನ ಕೈಯಲ್ಲಿರುವ ಹಳೆಯ ನಕ್ಷೆಯ ನಕಲಿನಲ್ಲಿ ಜೋಡಿ ಗೆರೆಯೊಂದು ಈಶಾನ್ಯದಿಂದ ಇಳಿದು ಈ ಸರ್ವೆ ನಂಬರನ್ನು ಸೀಳಿಕೊಂಡು ಕೆಳಗಿನ ಕೆರೆಗೆ ಹೋಗುತ್ತದೆ. ಪಹಣಿಯಲ್ಲೂ ಒಂದಿಷ್ಟು ಗುಂಟೆ ಬ ಖರಾಬು ಎಂದಿದೆ. ಅ ಖರಾಬು ಎಂದರೆ ಉಳಲು ಬಾರದ ನೆಲ, ಬ ಖರಾಬು ಎಂದರೆ ಹಳ್ಳ, ದಾರಿ, ಸ್ಮಶಾನದಂಥ ಸಾರ್ವಜನಿಕ ಬಳಕೆಗೆಂದು ಬಿಟ್ಟ ನೆಲ. ಅದನ್ನು ಮಾರಲು ಯಾರಿಗೂ ಹಕ್ಕಿಲ್ಲ.

ಸರ್ವೇಯರ್ ಕಲ್ಲು ಹುಡುಕುತ್ತ ಅತ್ತಿತ್ತ ನಡೆಯುತ್ತಿದ್ದಾಗ ಆಡು ಮೇಯಿಸುತ್ತಿದ್ದ ಮುದುಕರೊಬ್ಬರು ಹತ್ತಿರ ಬಂದರು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ದೋಟಿ.

"ಏನ್ ಹುಡುಕ್ತಾ ಇದೀರ ಸ್ವಾಮಿ?"

"ಇಲ್ಲೊಂದು ಕಾಲುವೆ ಇತ್ತಂತಲ್ಲ ತಾತ, ನಿಮಗೇನಾದ್ರೂ ಗೊತ್ತಾ?"

"ಗೊತ್ತಿಲ್ದೆ ಏನು? ನಮ್ಮಪ್ಪ ಈ ಊರಿನ ನೀರುಗಂಟಿ. ಬನ್ನಿ."

ಅವರು ಮುಂದೆ, ನಾವು ಹಿಂದೆ. ಹೊಸ ಮಣ್ಣಿನ ಮೇಲೆ ಎಲ್ಲಿಯೂ ಅನುಮಾನಪಡದೆ ಬಾಗಿ ಬಾಗಿ ನಡೆದರು. ಜೋಡಿ ಗೆರೆ ನಕ್ಷೆಯಲ್ಲಿ ಎಲ್ಲಿ ತಿರುಗುತ್ತದೋ ಅಲ್ಲೇ ತಿರುಗಿದರು. ಸರ್ವೇಯರ್ ಕಾಗದ ನೋಡುತ್ತಿದ್ದಾನೆ, ಅವರ ಕಾಲು ನೋಡುತ್ತಿದ್ದಾನೆ. ಜಮೀನಿನ ಕೆಳಗಿನ ಅಂಚಿನಲ್ಲಿ ದೋಟಿ ಊರಿ ನಿಂತರು. "ಮೇಲಿನ ಕೆರೆ ಕೋಡಿ ಬಿದ್ರೆ ನೀರು ಹಿಂಗೇ ಬತ್ತಿತ್ತು. ಇಲ್ಲಿ ಲಕ್ಕಿ ಗಿಡ ಐತಲ್ಲ, ಅದು ನೀರಿನ ದಾರಿ ಬಿಟ್ಟು ಬೇರೆ ಕಡೆ ಇಷ್ಟು ಸೊಂಪಾಗಿ ಬರಾಕಿಲ್ಲ."

ಒಂದು ಗುಂಡಿ ತೆಗೆಸಿದೆ. ಮೊದಲ ಮೂರು ಅಡಿ ಸುರಿದ ಕೆಂಪು ಮಣ್ಣು, ಕಟ್ಟಡದ ಇಟ್ಟಿಗೆ ಚೂರು, ಹರಿದ ಸಿಮೆಂಟು ಚೀಲ. ಅದರ ಕೆಳಗೆ ಕಪ್ಪು ಗೋಡು ಮಣ್ಣು, ಹಿಡಿದರೆ ಬೆರಳಿಗೆ ಮೆತ್ತುವಂಥದ್ದು. ಇನ್ನೂ ಕೆಳಗೆ ನಯವಾದ ಮರಳು, ನೀರು ಉರುಳಿಸಿ ಉರುಳಿಸಿ ಗುಂಡಗೆ ಮಾಡಿದ ಸಣ್ಣ ಕಲ್ಲು. ಎಂಜಿನಿಯರ್ ಫೋನನ್ನು ಜೇಬಿಗೆ ಹಾಕಿಕೊಂಡರು. ಗುಂಡಿಯ ಫೋಟೋ ತೆಗೆಸಿ, ಅಕ್ಷಾಂಶ ರೇಖಾಂಶ ಬರೆಸಿ, ತಾತನ ಹೇಳಿಕೆಯನ್ನೂ ಮಹಜರಿನಲ್ಲಿ ಸೇರಿಸಿದೆ. ಹೆಬ್ಬೆಟ್ಟು ಒತ್ತುವಾಗ ಅವರು ಕೇಳಿದ್ದು ಒಂದೇ ಮಾತು: "ಬರ್ದಿದ್ದು ಉಳೀತದಾ ಸ್ವಾಮಿ?"

ಜಮೀನಿನ ಮಾಲೀಕರು ಅಷ್ಟು ಹೊತ್ತೂ ದೂರದಲ್ಲಿ ಮರದ ನೆರಳಿನಲ್ಲಿ ನಿಂತಿದ್ದರು. ಅವರು ರಿಯಲ್ ಎಸ್ಟೇಟಿನವರಲ್ಲ, ಬೇಸಾಯಗಾರರು. ಈ ಸೀಮೆಯಲ್ಲಿ ಸಾವಿರ ಅಡಿ ದಾಟಿದರೂ ಬೋರ್‌ವೆಲ್ಲಿನಲ್ಲಿ ಧೂಳು ಬರುವುದುಂಟು. ಟೊಮೆಟೊ ಬೆಲೆ ಒಂದು ವಾರ ಏರಿದರೆ ಮುಂದಿನ ವಾರ ಕೊಯ್ಲಿನ ಕೂಲಿಯೂ ಹುಟ್ಟುವುದಿಲ್ಲ. ಅವರು ಹತ್ತಿರ ಬಂದು ಮೆಲ್ಲಗೆ ಕೇಳಿದರು. "ಕಾಲುವೆ ಸರ್ಕಾರದ್ದು, ಬಿಡೋಣ ಸಾರ್. ಅದರ ಎರಡೂ ಪಕ್ಕ ಬಿಡಬೇಕು ಅಂತೀರಲ್ಲ, ಆ ಜಾಗ ನಮ್ ಹೆಸರಲ್ಲಿ ಐತೆ. ಕಂದಾಯ ನಾವೇ ಕಟ್ಟಿದೀವಿ. ಅದಕ್ಕೆ ಯಾರು ಏನು ಕೊಡ್ತಾರೆ?"

ನ್ಯಾಯವಾದ ಪ್ರಶ್ನೆ. ಇದಕ್ಕೆ ನನ್ನ ಬಳಿ ನೆಟ್ಟಗಿನ ಉತ್ತರ ಇಲ್ಲ. ದೊಡ್ಡ ಬಡಾವಣೆಯಾದರೆ ಕಾಲುವೆಯ ಅಂಚನ್ನು ಉದ್ಯಾನದ ಲೆಕ್ಕಕ್ಕೆ ಹೊಂದಿಸಿಕೊಳ್ಳಬಹುದು, ಅಂಥವರಿಗೆ ನಷ್ಟವೇನಿಲ್ಲ. ಎರಡು ಎಕರೆಯ ರೈತನಿಗೆ ಅರ್ಧ ಎಕರೆ ಮೀಸಲು ಅಂಚಿಗೆ ಹೋದರೆ ಅದು ಅವನ ಬದುಕಿನ ಕಾಲು ಭಾಗ. ಕೆರೆ ಕಾಲುವೆ ಉಳಿದರೆ ಇಡೀ ಊರಿಗೆ ಲಾಭ, ಅದರ ಖರ್ಚನ್ನು ಅಂಚಿನ ಸಣ್ಣ ಹಿಡುವಳಿದಾರನೊಬ್ಬನೇ ಹೊರುವುದು ತಪ್ಪು. ಹೀಗೆ ಬಿಟ್ಟ ನೆಲಕ್ಕೆ ತಕ್ಕ ಪರಿಹಾರವೋ, ಬೇರೆ ಕಡೆ ಕಟ್ಟುವ ಹಕ್ಕೋ ಸಣ್ಣ ರೈತರಿಗೆ ಅಲೆದಾಟವಿಲ್ಲದೆ ಸಿಗಬೇಕು. ಅದು ಸಿಗುವ ತನಕ ರಾತ್ರೋರಾತ್ರಿ ಮಣ್ಣು ಸುರಿಯುವುದು ನಿಲ್ಲುವುದಿಲ್ಲ. ಸಭೆಗಳಲ್ಲಿ ನಾನು ಇದನ್ನು ಹೇಳುತ್ತಲೇ ಬಂದಿದ್ದೇನೆ.

ಇಷ್ಟಾದರೂ ಕಾಲುವೆಯ ವಿಷಯದಲ್ಲಿ ನಾನು ಬಿಟ್ಟುಕೊಡುವುದಿಲ್ಲ. ಕಾರಣ ಈ ಸೀಮೆಯ ಕೆರೆಗಳು ಒಂಟಿಯಲ್ಲ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಕೆಳಗಿನ ಕೆರೆಗೆ, ಅಲ್ಲಿಂದ ಅದರ ಕೆಳಗಿನದಕ್ಕೆ. ಇಲ್ಲಿ ವರ್ಷವಿಡೀ ಹರಿಯುವ ಹೊಳೆಯಿಲ್ಲ, ಹಿಂದಿನವರು ಮಳೆಯನ್ನೇ ಮೆಟ್ಟಿಲು ಮೆಟ್ಟಿಲಾಗಿ ಹಿಡಿದಿಟ್ಟರು. ಈ ಸರಣಿಯಲ್ಲಿ ಒಂದು ಕೊಂಡಿ ಕಡಿದರೆ ಕೆಳಗಿನ ಕೆರೆ ಒಣಗುತ್ತದೆ, ಮೇಲಿನ ಊರು ಮುಳುಗುತ್ತದೆ. ಎರಡನ್ನೂ ನೋಡಿದ್ದೇವೆ. ವರ್ಷಗಟ್ಟಲೆ ನೀರು ಕಾಣದ ಕೆರೆಗೆ ಮೀಸಲು ಅಂಚು ಯಾಕೆ ಎಂದು ವಾದಿಸುತ್ತಿದ್ದವರ ಎದುರಿಗೇ, 2021ರ ನವೆಂಬರಿನ ಮಳೆಗೆ ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಕೆರೆಗಳು ಸಾಲಾಗಿ ಕೋಡಿ ಹೋದವು. ಮರುವರ್ಷ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರ ವರ್ತುಲ ರಸ್ತೆಯ ಸುತ್ತಮುತ್ತ ಐಟಿ ಕಂಪನಿಗಳ ನೌಕರರು ಟ್ರ್ಯಾಕ್ಟರ್ ಏರಿ ಕೆಲಸಕ್ಕೆ ಹೋದರು, ಐಷಾರಾಮಿ ಬಡಾವಣೆಗಳಿಂದ ಜನರನ್ನು ದೋಣಿಯಲ್ಲಿ ಕರೆತಂದರು. ನೀರು ದಾರಿ ತಪ್ಪಿ ಬಂದಿರಲಿಲ್ಲ, ತನ್ನ ಹಳೆಯ ದಾರಿಯಲ್ಲೇ ಬಂದಿತ್ತು.

ಕೆರೆ ಕಾಲುವೆಗಳನ್ನು ಮುಚ್ಚುವ ಕೆಲಸವನ್ನು ಬೆಂಗಳೂರು ದಶಕಗಳಿಂದ ಮಾಡುತ್ತ ಬಂದಿದೆ. ಧರ್ಮಾಂಬುಧಿ ಕೆರೆ ಇದ್ದ ಕಡೆ ಮೆಜೆಸ್ಟಿಕ್ ಬಸ್ ನಿಲ್ದಾಣ, ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣ, ಅಕ್ಕಿತಿಮ್ಮನಹಳ್ಳಿ ಕೆರೆಯ ಜಾಗದಲ್ಲಿ ಹಾಕಿ ಕ್ರೀಡಾಂಗಣ. ಇವ್ಯಾವುವೂ ಕಳ್ಳತನದಲ್ಲಿ ನಡೆದ ಒತ್ತುವರಿ ಅಲ್ಲ, ಕಡತದ ಮೂಲಕವೇ ಆದವು. ಹಾಗಾಗಿ ನನ್ನಂಥವರು ಬರೆಯುವ ಪ್ರತಿ ಸಾಲಿಗೂ ತೂಕ ಇದೆ. 2007ರಲ್ಲಿ ಒಪ್ಪಿಗೆ ಸಿಕ್ಕ ಬೆಂಗಳೂರಿನ ಮಹಾಯೋಜನೆ ಕೆರೆಯ ಸುತ್ತ 30 ಮೀಟರ್, ಕಾಲುವೆಗಳಿಗೆ ಅವುಗಳ ದರ್ಜೆಯಂತೆ 50, 25, 15 ಮೀಟರ್ ಮೀಸಲು ಅಂಚು ಬಿಡಬೇಕೆಂದಿತು. 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕೆರೆಗೆ 75 ಮೀಟರ್ ಎಂದಿತು. 2019ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ತಳ್ಳಿಹಾಕಿತು. ಮಹಾಯೋಜನೆಯಲ್ಲಿ ಇರುವುದನ್ನು ಬದಲಿಸಲು ನ್ಯಾಯಮಂಡಳಿಗೆ ಅಧಿಕಾರವಿಲ್ಲ ಎನ್ನುವುದು ತೀರ್ಪಿನ ಸಾರ. ತೀರ್ಪನ್ನು ಕೆಲವರು ಸೋಲೆಂದರು, ಕೆಲವರು ಗೆಲುವೆಂದರು. ನನಗೆ ಕಂಡದ್ದು ಬೇರೆ: ಮಹಾಯೋಜನೆಯಲ್ಲಿ ಬರೆದದ್ದೇ ಕೊನೆಗೆ ನಿಲ್ಲುತ್ತದೆ. ಬರೆಯುವ ಹೊತ್ತಿನಲ್ಲೇ ಎಚ್ಚರ ಇರಬೇಕು.

ಮಧ್ಯಾಹ್ನ ಬಡಾವಣೆ ನಕ್ಷೆಗಳ ಪರಿಶೀಲನೆ. ಇದರ ವಿವರ ಓದುಗರಿಗೆ ಬೇಡ, ಒಂದನ್ನು ಮಾತ್ರ ಹೇಳಬೇಕು. ಉದ್ಯಾನಕ್ಕೆಂದು ತೋರಿಸುವ ಜಾಗವನ್ನು ನಾನು ಮೊದಲು ನೋಡುತ್ತೇನೆ. ನಿವೇಶನ ಕತ್ತರಿಸಿ ಉಳಿದ ತ್ರಿಕೋನದ ತುಂಡು, ವಿದ್ಯುತ್ ಹೈಟೆನ್ಷನ್ ತಂತಿಯ ಕೆಳಗಿನ ಪಟ್ಟಿ, ಬಂಡೆ ಎದ್ದ ಇಳಿಜಾರು, ಇವುಗಳಿಗೆ ಹಸಿರು ಬಣ್ಣ ಹಚ್ಚಿ ತಂದಿರುತ್ತಾರೆ. ಮಗು ಓಡಾಡಲಾಗದ, ಮುದುಕರು ಕೂರಲಾಗದ ಜಾಗ ಉದ್ಯಾನವಲ್ಲ. ನಕ್ಷೆ ಹಿಂದಿರುಗಿಸಿ, ಬಡಾವಣೆಯ ನಡುವೆ, ಎಲ್ಲ ರಸ್ತೆಗಳಿಂದಲೂ ನಡೆದು ಬರುವಂತೆ ತೋರಿಸಿ ಎಂದು ಬರೆಯುತ್ತೇನೆ. ಜಾಗ ಬಿಟ್ಟುಕೊಡುವ ಪರಿತ್ಯಾಜನಾ ಪತ್ರ ನೋಂದಣಿಯಾಗಿ ಉದ್ಯಾನ ಸ್ಥಳೀಯ ಸಂಸ್ಥೆಯ ಹೆಸರಿಗೆ ಬಂದರೂ ಅದು ಪೂರ್ತಿ ಭದ್ರವಲ್ಲ. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆ ಮೀಸಲಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಾಗ ಅಲ್ಲಿನ ನಿವಾಸಿಗಳೇ ನ್ಯಾಯಾಲಯಕ್ಕೆ ಹೋದರು. ಮುದ್ದಪ್ಪ ಪ್ರಕರಣವೆಂದು ಹೆಸರಾದ 1991ರ ಆ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹಂಚಿಕೆಯನ್ನು ಎತ್ತಿಹಿಡಿಯಲಿಲ್ಲ. ಬಡಾವಣೆಯ ನಿವಾಸಿಗಳಿಗೆ ತಮ್ಮ ಉದ್ಯಾನದ ಬಗ್ಗೆ ಕೇಳುವ ಹಕ್ಕಿದೆ ಎಂದು ಒಪ್ಪಿತು. ದೇಶದ ಯೋಜಕರೆಲ್ಲ ಇಂದಿಗೂ ಉದಾಹರಿಸುವ ತೀರ್ಪು ಅದು, ನಮ್ಮ ಊರಿನ ಒಂದು ಪಾರ್ಕಿನಿಂದ ಹುಟ್ಟಿದ್ದು.

ಕರಡು ಮಹಾಯೋಜನೆ ಪ್ರಕಟವಾದ ಮೇಲೆ ಸಾರ್ವಜನಿಕರಿಗೆ ಆಕ್ಷೇಪಣೆ ಸಲ್ಲಿಸಲು 60 ದಿನ ಕಾಲಾವಕಾಶ. ಆ ದಿನಗಳಲ್ಲಿ ನಮ್ಮ ಸಭಾಂಗಣದ ಗೋಡೆ ತುಂಬ ನಕ್ಷೆಗಳು. ಮೊದಲು ಬರುವವರು ಬಿಳಿ ಅಂಗಿಯ ಬ್ರೋಕರುಗಳು. ಫೋಟೋ ತೆಗೆದು ಸಂಜೆಯೊಳಗೆ ವಾಟ್ಸ್ಆ್ಯಪಿನಲ್ಲಿ ಹರಡುತ್ತಾರೆ. ಆಮೇಲೆ ವಕೀಲರು, ಟೈಪು ಮಾಡಿಸಿದ ಒಂದೇ ಒಕ್ಕಣೆಯ ಅರ್ಜಿಗಳ ಕಟ್ಟು ಹಿಡಿದು. ಅವುಗಳ ಕೋರಿಕೆಯೂ ಒಂದೇ, ತಿಳಿ ಹಸಿರನ್ನು ಹಳದಿ ಮಾಡಿ. ರೈತರು ಬರುವುದು ಕೊನೆಯಲ್ಲಿ, ಗುಂಪಾಗಿ. ನಕ್ಷೆಯ ಮುಂದೆ ನಿಂತು ಬಹಳ ಹೊತ್ತು ಏನೂ ಮಾತಾಡುವುದಿಲ್ಲ. ನಕ್ಷೆಯಲ್ಲಿ ಊರ ಹೆಸರಿದೆ, ಆದರೆ ಅವರು ಹುಡುಕುವುದು ಮುನೇಶ್ವರನ ಗುಡಿಯನ್ನು, ಆಲದ ಮರವನ್ನು, ಸಂತೆ ದಾರಿಯನ್ನು. ಅವುಗಳನ್ನು ಬೆರಳಿಟ್ಟು ತೋರಿಸಿದ ಮೇಲೆಯೇ ಅವರಿಗೆ ನಕ್ಷೆ ತೆರೆದುಕೊಳ್ಳುತ್ತದೆ. ಆಮೇಲೆ ಅವರನ್ನು ತಡೆಯುವವರಿಲ್ಲ.

ಒಮ್ಮೆ ನಡುವಯಸ್ಸಿನ ಹೆಣ್ಣುಮಗಳೊಬ್ಬರು ಉದ್ದೇಶಿತ ರಸ್ತೆಯ ಗೆರೆಯ ಮೇಲೆ ಬೆರಳಿಟ್ಟು, "ಈ ರೋಡು ನಮ್ ಸ್ಮಶಾನದ ಮೇಲೆ ಹೋಗ್ತದಲ್ಲಾ ಸಾರ್" ಎಂದರು. ಅವರ ಸಮುದಾಯಕ್ಕೆ ಇದ್ದದ್ದು ಅದೊಂದೇ ನೆಲ. ಯಾವ ದಾಖಲೆಯಲ್ಲೂ ಸ್ಮಶಾನವೆಂದು ನಮೂದಾಗಿರಲಿಲ್ಲ, ಉಪಗ್ರಹ ಚಿತ್ರದಲ್ಲಿ ಬರೀ ಪೊದೆ. ಸ್ಥಳಕ್ಕೆ ಹೋಗಿ ನೋಡಿ ಗೆರೆ ಸರಿಸಿದೆವು. ಜಮೀನು ಇರುವವರು ಹೇಗೋ ನಮ್ಮ ತನಕ ಬರುತ್ತಾರೆ. ಗೋಮಾಳದಲ್ಲಿ ಕುರಿ ಮೇಯಿಸುವವರು, ಕೆರೆಯಲ್ಲಿ ಮೀನು ಹಿಡಿಯುವವರು, ವಾರದ ಕೂಲಿಗೆ ಬಾಡಿಗೆ ಕೋಣೆ ಹಿಡಿದ ಉತ್ತರ ಕರ್ನಾಟಕದ ಗಾರೆ ಕೆಲಸದವರು ಬರುವುದಿಲ್ಲ. ಅವರ ಬಳಿ ಸರ್ವೆ ನಂಬರಿಲ್ಲ. ಅವರ ಪರವಾಗಿ ಯೋಚಿಸುವುದು ಯೋಜಕನ ಮೊದಲ ಕರ್ತವ್ಯವೆಂದು ನಾನು ನಂಬಿದ್ದೇನೆ. ಬಾಯಿ ಇಲ್ಲದವರಿಗೆ ನಕ್ಷೆಯಲ್ಲಿ ಜಾಗ ಬಿಡದಿದ್ದರೆ ಅವರು ಮುಂದೆ ರಾಜಕಾಲುವೆಯ ದಡದಲ್ಲೇ ಗುಡಿಸಲು ಹಾಕಬೇಕಾಗುತ್ತದೆ.

ಜನ ಒಟ್ಟಾಗಿ ನಿಂತರೆ ನಡೆಯುತ್ತದೆ ಅನ್ನುವುದಕ್ಕೆ ದೂರ ಹೋಗಬೇಕಿಲ್ಲ. ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯ ರೈತರು ತಮ್ಮ ಜಮೀನಿನ ಸ್ವಾಧೀನದ ವಿರುದ್ಧ ಮೂರು ವರ್ಷಕ್ಕೂ ಮಿಕ್ಕಿ ಧರಣಿ ಕೂತರು. 2025ರ ಜುಲೈನಲ್ಲಿ 1,777 ಎಕರೆಯ ಸ್ವಾಧೀನವನ್ನು ಕೈಬಿಡುವುದಾಗಿ ಸರ್ಕಾರ ಪ್ರಕಟಿಸಿತು. ಅಷ್ಟು ದಿನ ಬಿಸಿಲಲ್ಲಿ ಕೂರುವ ಕಷ್ಟ ಯಾವ ಊರಿಗೂ ಬರಬಾರದು. ನಕ್ಷೆ ಇನ್ನೂ ಕರಡಾಗಿರುವಾಗಲೇ ಊರಿನ ಮಾತು ಅದರೊಳಗೆ ಬಂದರೆ ಎಷ್ಟೋ ಜಗಳ ಹುಟ್ಟುವುದೇ ಇಲ್ಲ.

ಸಂಜೆ ಕಚೇರಿ ಖಾಲಿಯಾದ ಮೇಲೆ ಬೆಳಗಿನ ಆರು ಎಕರೆಯ ಕಡತ ತೆಗೆಯುತ್ತೇನೆ. ಟಿಪ್ಪಣಿ ಹಾಳೆಯ ಮೇಲೆ ಬರೆಯಬೇಕಾದದ್ದು ಹತ್ತೇ ಸಾಲು. ಗ್ರಾಮ ನಕ್ಷೆಯಂತೆ ಕಾಲುವೆ ಇದೆ, ಬ ಖರಾಬು ಇದೆ, ಸ್ಥಳದಲ್ಲಿ ಮುಚ್ಚಲಾಗಿದೆ, ಗುಂಡಿ ತೆಗೆಸಿ ನೋಡಲಾಗಿದೆ, ಮಹಜರು ಲಗತ್ತಿಸಿದೆ. ಕಾಲುವೆಯನ್ನು ಮೂಲ ಅಗಲಕ್ಕೆ ತೆರೆದು ಅಂಚು ಬಿಟ್ಟ ಹೊರತು ಶಿಫಾರಸು ಸಾಧ್ಯವಿಲ್ಲ. ಫೋನು ಎರಡು ಮೂರು ಸಲ ರಿಂಗಾಗುತ್ತದೆ. ಯಾರದೆಂದು ಗೊತ್ತು, ಏನು ಕೇಳುತ್ತಾರೆಂದೂ ಗೊತ್ತು. ಸಹಿ ಮಾಡಿ, ದಿನಾಂಕ ಹಾಕಿ, ಕಡತವನ್ನು ಮೇಲಕ್ಕೆ ಕಳಿಸುತ್ತೇನೆ. ಮೇಲಿನವರು ಬೇರೆ ತೀರ್ಮಾನ ಮಾಡಬಹುದು. ಆದರೆ ಕಾಲುವೆ ಇತ್ತೆಂಬ ಮಾತು ಕಡತದಲ್ಲಿ ಉಳಿಯುತ್ತದೆ. ನಾಳೆ ಯಾರಾದರೂ ನ್ಯಾಯಾಲಯಕ್ಕೆ ಹೋದರೆ ಆ ಹತ್ತು ಸಾಲೇ ಅವರ ಕೈಗೆ ಸಿಗುವ ಆಧಾರ.

ಓದುಗರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಊರಿನ ಮಹಾಯೋಜನೆಯನ್ನು ಹತ್ತು ವರ್ಷಕ್ಕೊಮ್ಮೆ ಪರಿಷ್ಕರಿಸಬೇಕೆಂದು ಕಾಯ್ದೆಯಲ್ಲೇ ಇದೆ. ಕರಡು ಪ್ರಕಟವಾದ ಸುದ್ದಿ ಪತ್ರಿಕೆಯಲ್ಲಿ ಬಂದರೆ ಪುಟ ತಿರುಗಿಸಬೇಡಿ. ಪ್ರಾಧಿಕಾರಕ್ಕೆ ಹೋಗಿ ನಕ್ಷೆ ಕೇಳಿ, ತೋರಿಸುವುದು ನಮ್ಮ ಕರ್ತವ್ಯ. ನಿಮ್ಮ ಸೈಟು ಯಾವ ಬಣ್ಣದಲ್ಲಿದೆ ಎಂದು ನೋಡಿ, ನೋಡಿದ ಮೇಲೆ ಅಲ್ಲಿಗೇ ನಿಲ್ಲಬೇಡಿ. ಊರ ಕೆರೆ ಎಲ್ಲಿದೆ, ಅದಕ್ಕೆ ನೀರು ತರುವ ಕಾಲುವೆ ಪೂರ್ತಿ ಇದೆಯೇ, ಸ್ಮಶಾನ, ಗುಂಡುತೋಪು, ಶಾಲೆಯ ಆಟದ ಬಯಲು ಗುರುತಾಗಿವೆಯೇ ಎಂದು ನೋಡಿ. ಮನೆಯಲ್ಲಿ ವಯಸ್ಸಾದವರಿದ್ದರೆ ಜೊತೆಗೆ ಕರೆತನ್ನಿ. ಬಿಟ್ಟುಹೋಗಿದ್ದರೆ ಒಂದು ಬಿಳಿ ಹಾಳೆಯಲ್ಲಿ ನಿಮ್ಮ ಕೈಬರಹದಲ್ಲೇ ಬರೆದು ಕೊಟ್ಟು, ಸ್ವೀಕೃತಿ ಪಡೆದುಕೊಳ್ಳಿ. ಅದಕ್ಕೆ ವಕೀಲರು ಬೇಕಿಲ್ಲ, ಶುಲ್ಕವೂ ಇಲ್ಲ. 60 ದಿನದೊಳಗೆ ಬರಬೇಕು, ಅಷ್ಟೆ.